ಹಳೇ ಸಂಗೀತ, ಹೊಸ ರೆಕಾರ್ಡಿಂಗು: ಸಭೆ ಉಸಿರು ಎಳೆಯೋದು ಎಲ್ಲಿ?

ತುಂಗಾತೀರ, ಶಿವಮೊಗ್ಗ:
ಹಳೇ ಸಂಗೀತಗಳ, ಅಂದ್ರೆ ಚರ್ಚಲ್ಲಿ ಸಭೆಯೆಲ್ಲಾ ಸೇರಿ ಹಾಡೋ ಕ್ರೈಸ್ತ ಗೀತೆಗಳ, ಹೊಸ ರೆಕಾರ್ಡಿಂಗ್ ಯೂಟ್ಯೂಬಲ್ಲಿ ಸಾಕಷ್ಟು ಬರ್ತಿವೆ. ದೂರು ಒಂದೇ: ಕೇಳೋಕೆ ಚೆಂದ, ಜೊತೆಗೆ ಹಾಡೋಕಾಗಲ್ಲ. ಜರ್ಮನಿ, ಇಂಗ್ಲೆಂಡ್ ಕಡೆಯ ನಾಲ್ಕು ಪಾರ್ಟಿನ (ನಾಲ್ಕು ಬಗೆಯ ಕಂಠ ಒಟ್ಟಿಗೆ ಬೇರೆ ಬೇರೆ ಸ್ವರ ಹಾಡೋ) ರಾಗಗಳ ವಿಷಯ ಇದು, ಇವು 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ ಕನ್ನಡದ ಬಾಯಿಗೆ ಹತ್ತಿದವು. ಇಲ್ಲಿ 22 ಜನರ ಕ್ವಾಯರ್ (ಚರ್ಚಿನ ಹಾಡೋ ತಂಡ) ಎಂಟು ಸಂಗೀತ ರೆಕಾರ್ಡ್ ಮಾಡೋ ಯೋಚನೆಯಲ್ಲಿದೆ. ಆರ್ಗನ್ನಾ ಡ್ರಮ್ಸಾ ಅನ್ನೋ ಜಗಳ ಬೇಡ. ಕೆಲಸ ಎಲ್ಲಿ ಕೆಡುತ್ತೆ, ಅದು ಹೇಳಿ.

ಕೊಪ್ಪದ ಕೀಬೋರ್ಡು:
ಕೆಡೋದು ಕ್ಲಿಕ್ಕಿನಿಂದ ಮಾರಾಯ್ರೆ, ರೆಕಾರ್ಡ್ ಮಾಡುವಾಗ ಕಿವಿಗೆ ಟಕ್ ಟಕ್ ಅಂತ ತಾಳ ಕೊಡ್ತದಲ್ಲ, ಅದು. ಈ ರಾಗಗಳಲ್ಲಿ ಸಾಲಿನ ಕೊನೇ ಸ್ವರದ ಮೇಲೆ ಒಂದು ನಿಲುಗಡೆ ಇರ್ತದೆ, ಪುಸ್ತಕದಲ್ಲಿ ಬಿಲ್ಲಿನ ಕೆಳಗೆ ಚುಕ್ಕಿ ಇಟ್ಟಿರ್ತಾರಲ್ಲ, ಅದು. ಸಭೆ ಉಸಿರು ತಗೊಳ್ಳೋದು ಅಲ್ಲೇ. ನಿಮಿಷಕ್ಕೆ 72ರ ಕ್ಲಿಕ್ ಅಂದ್ರೆ ಒಂದು ಬೀಟಿಗೆ 0.83 ಸೆಕೆಂಡು. ಕೊನೇ ಸ್ವರ ಪೂರ್ತಿ ಹಿಡಿದು ಕ್ಲಿಕ್ ತಪ್ಪದೆ ಮುಂದಿನ ಸಾಲಿಗೆ ಹೋದ್ರೆ ಉಸಿರಿಗೆ ಉಳಿಯೋದು ಸೊನ್ನೆ. ಸ್ಟುಡಿಯೋದಲ್ಲಿ ಎರಡೆರಡು ಸಾಲು ಬೇರೆ ಬೇರೆ ಟೇಕಲ್ಲಿ ಹಾಡಿಸಿ ಅಂಟಿಸ್ತಾರೆ, ಅವರಿಗೆ ಎಂತ ತೊಂದರೆ! ಬೆಂಚಲ್ಲಿ ಕೂತ ಅಜ್ಜಮ್ಮಂದಿರು ಮೂರನೇ ಸಾಲಿಗೆ ಬಾಯಿ ಮುಚ್ತಾರೆ.

ಭದ್ರಾವತಿ ಬೇಸ್:
ಕ್ಲಿಕ್ಕನ್ನೇ ಬೈದ್ರೆ ಹೇಗೆ? ಅದಿಲ್ದೆ ಆಮೇಲೆ ಗಿಟಾರು, ತಬಲಾ ಕೂರಿಸೋದು ನರಕ. ಸುಲಭದ ದಾರಿ: ಸಾಲಿನ ಕೊನೇ ಬಾರನ್ನು (ತಾಳದ ಒಂದು ಸುತ್ತನ್ನು) ನಾಲ್ಕರ ಬದಲು ಐದು ಬೀಟು ಮಾಡಿ, ಐದನೇದು ಉಸಿರಿಗೆ. ಇನ್ನೂ ಒಳ್ಳೇದು ಬೇಕಾ? ಪಿಯಾನೋ ಮತ್ತೆ ಇಬ್ಬರು ಹಾಡೋರನ್ನು ಕೂರಿಸಿ, ಕ್ಲಿಕ್ ಇಲ್ದೆ, ಭಾನುವಾರ ಹಾಡೋ ಹಾಗೇ ಎಲ್ಲಾ ಚರಣ ಹಾಡಿಸಿ. ಸಾಫ್ಟ್‌ವೇರಲ್ಲಿ ಬಾರ್ ಗೆರೆಗಳನ್ನು ಆ ಹಾಡಿಕೆ ಮೇಲೆ ಎಳೆದು ಕೂರಿಸಿ. ಈಗ ಕ್ಲಿಕ್ಕೇ ಹಾಡಿನ ಹಿಂದೆ ನಡೆಯುತ್ತೆ.

ಅದಕ್ಕಿಂತ ದೊಡ್ಡ ತಪ್ಪು ಶ್ರುತಿದು. ಒಬ್ಬ ಗಾಯಕನ ಕಂಠ ನೋಡಿ ಶ್ರುತಿ ಇಟ್ಟು, ಕೊನೇ ಚರಣಕ್ಕೆ ಒಂದು ಸ್ವರ (ಕೀಬೋರ್ಡಲ್ಲಿ ಕರಿ ಬಿಳಿ ಸೇರಿ ಎರಡು ಮನೆ) ಮೇಲೇರಿಸ್ತಾರೆ. ಬೆಳಗಿನ ಆರಾಧನೆಗೆ ಬಂದ ಗಂಟಲು ಮೇಲಿನ ‘ಡಿ’ ದಾಟಲ್ಲ. ಹಾಗಂತ ಪುಸ್ತಕದ ಶ್ರುತಿನ ಎರಡು ಸ್ವರ ಇಳಿಸಿದ್ರೆ ಬೇಸಿನವರು (ಅತಿ ಕೆಳಗಿನ ಗಂಡು ಕಂಠದವರು) ಪಾತಾಳಕ್ಕೆ. ಅವರ ಪಾರ್ಟು ಮೊದಲೇ ಕೆಳಗಿನ ‘ಎಫ್’, ‘ಜಿ’ ತನಕ ಇಳಿದಿರುತ್ತೆ. ಇನ್ನೂ ಇಳಿಸಿದ್ರೆ ಗೊರಗೊರ ಅಷ್ಟೇ. ಒಂದು ಸ್ವರ, ಹೆಚ್ಚೆಂದ್ರೆ ಒಂದೂವರೆ ಇಳಿಸಿ.

ಹಳೇ ಪುಸ್ತಕ, ಸಾಗರ:
ಇದೆಲ್ಲ ತಾಪತ್ರಯ ಬರೋದೇ ಇದ್ದದ್ದನ್ನ ಇದ್ದಂಗೆ ಹಾಡದೇ ಇರೋದ್ರಿಂದ. ಐದು ಚರಣ ಇದ್ದಲ್ಲಿ ಎರಡು ಹಾಡಿ, ಮಧ್ಯೆ ಪುಸ್ತಕದಲ್ಲಿಲ್ಲದ ನಾಲ್ಕು ಸಾಲು ತುರುಕಿ, ಅದನ್ನೇ ಎಂಟು ಸಲ ಹೇಳೋದು. ರಾಗ ಮುಟ್ಟಬೇಡಿ, ಲಯ ಮುಟ್ಟಬೇಡಿ, ಚರಣ ಬಿಡಬೇಡಿ. ಹಿರಿಯರು ಕೊಟ್ಟದ್ದು.

ಗುರು ಲಘು, ತೀರ್ಥಹಳ್ಳಿ:
ಚರಣದ ಮಾತು ಒಪ್ಪಿದೆ. ಲಯದ್ದು ಒಪ್ಪಲ್ಲ. ಯಾವ ಹಿರಿಯರು ಸ್ವಾಮಿ? ಜರ್ಮನಿಯ ಧರ್ಮಸುಧಾರಕ ಲೂಥರ್‌ನ ಸಂಗೀತ ‘ಐನ್ ಫೆಸ್ಟೆ ಬುರ್ಗ್’ ಅವನ ಕಾಲದಲ್ಲಿ ಕುಣಿಯೋ ಲಯದ್ದು. ಸಂಗೀತಗಾರ ಬಾಖ್ ಕಾಲಕ್ಕೆ ಸಮ ಮಾತ್ರೆಯ ಕವಾಯತು ಆಗಿತ್ತು. ‘ಅಮೇಜಿಂಗ್ ಗ್ರೇಸ್’ ಪದ ಅಚ್ಚಾದದ್ದು 1779, ಈಗಿನ ರಾಗ ಅದಕ್ಕೆ ಜೋಡಿಯಾದದ್ದು 1835. ‘ಅಬೈಡ್ ವಿತ್ ಮಿ’ ಪದ 1847ರದು, ನಾವು ಹಾಡೋ ರಾಗ 1861ರದು.

ಕನ್ನಡದ ತೊಂದರೆ ಬೇರೆಯೇ ಇದೆ, ಅದನ್ನು ರೆಕಾರ್ಡಿಂಗ್ ಎತ್ತಿ ತೋರಿಸ್ತದೆ. ‘ಅಮೇಜಿಂಗ್ ಗ್ರೇಸ್’ ರಾಗ ಮೂರು ಬೀಟಿನದು. ಮೊದಲ ಅಕ್ಷರ ತಾಳ ಬೀಳೋ ಮುಂಚೆ, ಒಂದು ಬೀಟು. ಎರಡನೇ ಅಕ್ಷರ ತಾಳದ ಮೇಲೆ, ಎರಡು ಬೀಟು. ಹೀಗೇ ಲಘು, ಗುರು, ಲಘು, ಗುರು. ಕನ್ನಡದ ಪದ ಮೊದಲ ಅಕ್ಷರದಲ್ಲೇ ಒತ್ತಿಕೊಳ್ಳೋದು, ಇಲ್ಲಿ ಆ ಒತ್ತು ತಾಳದ ಹೊರಗೆ ಬಿತ್ತು. ಅದಕ್ಕೇ ಎಷ್ಟೋ ಸಂಗೀತಗಳು ‘ಓ’, ‘ಆ’, ‘ನಾ’ ಅಂತ ಶುರುವಾಗೋದು: ಒಂದಕ್ಷರ ಹೊರಗೆ ನಿಲ್ಲಿಸಿದ್ರೆ ಮುಂದಿನ ಪದ ತಾಳಕ್ಕೆ ಸರಿಯಾಗಿ ಬೀಳ್ತದೆ. ಬಿದ್ದ ಮೇಲೆ ಇನ್ನೊಂದು ಗಂಡಾಂತರ. ‘ಆ ಬಲ’ ಅಂತಿದೆ ಅಂತಿಟ್ಕೊಳ್ಳಿ. ‘ಬ’ ಮೇಲೆ ಎರಡು ಬೀಟು. ದೇವರ ಬಲ ಹೋಗಿ ಬಾಲ ಬಂತು! ಸಭೆಯಲ್ಲಿ ನೂರು ಜನ ಹಾಡುವಾಗ ಮುಚ್ಚಿಹೋಗ್ತದೆ. ಹತ್ತಿರದ ಮೈಕಲ್ಲಿ ಒಂಟಿ ಕಂಠ ಹಾಡಿದ್ರೆ ಸ್ಪಷ್ಟವಾಗಿ ಬಾಲವೇ.

ಮದ್ದು ಸಣ್ಣದು. ಆ ಬಾರಲ್ಲಿ 2+1 ಇದ್ದದ್ದನ್ನು 1+2 ಮಾಡಿ. ‘ಬ’ ಒಂದು ಬೀಟು, ‘ಲ’ ಎರಡು. ಪದದ ಕೊನೆ ಎಳೆದ್ರೆ ಕನ್ನಡದ ಕಿವಿಗೆ ಹೊರೆಯಲ್ಲ, ದೂರದವರನ್ನು ಕೂಗುವಾಗ ಎಳೆಯೋದು ಕೊನೆಯನ್ನೇ. ಸಾಲು ‘ಸದಾ’, ‘ದಯಾ’ ತರದ ಪದದಿಂದಲೇ ಶುರುವಾದ್ರೆ ಮುಟ್ಟೋದೇ ಬೇಡ, ಅವೇ ಲಘು-ಗುರು. ಮಿಷನ್ನಿನವರಿಗೆ ಇದು ಗೊತ್ತಿಲ್ಲದ್ದಲ್ಲ. ಕಿಟೆಲ್ ಸಾಹೇಬರು 1875ರಲ್ಲಿ ನಾಗವರ್ಮನ ಛಂದಸ್ಸನ್ನೇ ಸಂಪಾದಿಸಿ ಮಂಗಳೂರಲ್ಲಿ ಅಚ್ಚು ಹಾಕಿಸಿದವರು.

ಹಳೇ ಪುಸ್ತಕ, ಸಾಗರ:
ಬಾಲದ ಮಾತು ಖರೆ, ನಗು ಬಂತು. ಆದ್ರೆ ನೀವು ಶಿವಮೊಗ್ಗದಲ್ಲಿ 1+2 ಹಾಡ್ತೀರಿ, ಚಿಕ್ಕಮಗಳೂರಿನವರು 2+1. ಎರಡೂ ಸಭೆ ಒಂದು ಮದುವೇಲಿ ಸೇರಿದ್ರೆ ರಣರಂಗ. ತಿದ್ದೋದಾದ್ರೆ ಪದ ತಿದ್ದಿ, ‘ಬಲ’ ತೆಗೆದು ‘ಶಕ್ತಿ’ ಹಾಕಿ. ‘ಶಕ್’ ಗುರು, ಎರಡು ಬೀಟು ತಡೆಯುತ್ತೆ.

ಗುರು ಲಘು, ತೀರ್ಥಹಳ್ಳಿ:
ಇದು ನನ್ನದಕ್ಕಿಂತ ಚೆನ್ನಾಗಿದೆ. ಅಂತ್ಯಪ್ರಾಸ ಇರೋ ಜಾಗದಲ್ಲಿ ಮಾತ್ರ ಆಗಲ್ಲ.

ಹೊಸನಗರ ಸೌಂಡ್:
ನೀವು ಗುರು ಲಘು ಮಾಡ್ತಾ ಕೂತಿರಿ, ಮಳೆ ಬಂತು. ದೇವಾಲಯದ (ಚರ್ಚಿನ) ಒಳಗೇ ರೆಕಾರ್ಡ್ ಮಾಡೋದಾದ್ರೆ ಜೂನಿಂದ ಸೆಪ್ಟೆಂಬರ್ ಮರೆತುಬಿಡಿ. ಹಂಚಿನ ಮೇಲೆ ಬೀಳೋ ಮಳೆ ಎಲ್ಲಾ ಕಂಪನದಲ್ಲೂ ಹರಡಿರುತ್ತೆ. ಸಾಫ್ಟ್‌ವೇರ್‌ನಿಂದ ತೆಗೆದ್ರೆ ಕ್ವಾಯರ್ ನೀರೊಳಗೆ ಕೂತು ಹಾಡಿದ ಹಾಗೆ. ಜೀರುಂಡೆನೂ ಹಾಗೇ: ಅದರ ಸದ್ದು ಇರೋ ಜಾಗದಲ್ಲೇ ‘ಸ’, ‘ಶ’ ಇರೋದು, ಜೀರುಂಡೆ ಕತ್ತರಿಸಿದ್ರೆ ‘ಯೇಸು’ವಿನ ‘ಸು’ ಮೊಂಡಾಗುತ್ತೆ. ಮುಸ್ಸಂಜೆ ಬಿಟ್ಟು ಜನವರಿ, ಫೆಬ್ರವರಿಯ ಬೆಳಗ್ಗೆ ಇಟ್ಕೊಳ್ಳಿ. ಫ್ಯಾನು ಬಂದ್.

22 ಜನಕ್ಕೆ ಎಂಟು ಮೈಕ್ ಬೇಡ. ಎರಡು ಸಣ್ಣ ಕಂಡೆನ್ಸರ್ ಮೈಕ್ ಸಾಕು, ತುದಿಗಳ ನಡುವೆ 17 ಸೆಂಟಿಮೀಟರ್, 110 ಡಿಗ್ರಿ ಕೋನ. ಎತ್ತರ 2.5ರಿಂದ 3 ಮೀಟರ್, ಮುಂದಿನ ಸಾಲಿಂದ ಎರಡು ಮೂರು ಮೀಟರ್ ದೂರ. ಕ್ವಾಯರನ್ನು ಅರ್ಧಚಂದ್ರಾಕಾರ ನಿಲ್ಲಿಸಿ. ಗುಂಗು (ಗೋಡೆಗಳ ಪ್ರತಿಧ್ವನಿ) ಜಾಸ್ತಿ ಅನ್ನಿಸಿದ್ರೆ ಮೈಕ್ ಅರ್ಧ ಮೀಟರ್ ಹತ್ತಿರ ತನ್ನಿ, ಈಕ್ವಲೈಸರ್ ಮುಟ್ಟಬೇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಜೋರಾದ ಜಾಗ ಮೀಟರಲ್ಲಿ ಮೈನಸ್ 12 ಡೆಸಿಬೆಲ್ ದಾಟದ ಹಾಗೆ. ಮೈಕನ್ನು ಸಿಲಿಕಾ ಜೆಲ್ ಹಾಕಿದ ಡಬ್ಬೀಲಿಡಿ, ಥಂಡಿ ಹಿಡಿದ ಕಂಡೆನ್ಸರ್ ಚಟಚಟ ಅನ್ನುತ್ತೆ. ಕೊನೇಗೆ ಹಿಂಡಿ ಜೋರು ಮಾಡೋದು ದಂಡ, ಯೂಟ್ಯೂಬು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಕಿವಿಗೆ ಕೇಳೋ ಜೋರಿನ ಅಳತೆ ಅದು) ಜೋರಿದ್ದದ್ದನ್ನು ತಾನೇ ಇಳಿಸುತ್ತೆ.

ಕೊಪ್ಪದ ಕೀಬೋರ್ಡು:
ಹಾಕೋ ಮುಂಚೆ ಹಕ್ಕು ನೋಡಿ. ರಾಗ ಹಳೇದಾದ್ರೂ ಅನುವಾದಕ್ಕೆ ಬೇರೆ ಹಕ್ಕು ಇರ್ತದೆ, ಅನುವಾದಕರು ತೀರಿಕೊಂಡು 60 ವರ್ಷದ ತನಕ. 1970ರಲ್ಲಿ ಹೋದವರದ್ದು 2030ರ ಕೊನೆವರೆಗೆ. ನಾಲ್ಕು ಪಾರ್ಟಿನ ಹೊಸ ಜೋಡಣೆಗೂ ಹಾಗೇ. ನೆಟ್ಟಿಂದ ಇಳಿಸಿದ ಕರೋಕೆ ಟ್ರ್ಯಾಕ್ ಮಾತ್ರ ಬೇಡ್ವೇ ಬೇಡ.

ತುಂಗಾತೀರ, ಶಿವಮೊಗ್ಗ:
ಎಲ್ಲಾ ಬರೆದಿಟ್ಕೊಂಡೆ. ಜನವರಿ ಬೆಳಗ್ಗೆ, ಎರಡು ಮೈಕು, ಐದನೇ ಬೀಟು. ಒಂದು ಉಳೀತು: ಹಾರ್ಮೋನಿಯಂ ಇಟ್ಕೊಂಡು ಶ್ರುತಿ ಅರ್ಧ ಸ್ವರ ಇಳಿಸಿದ್ರೆ ನಮ್ಮ ವಾದಕರಿಗೆ ಎಲ್ಲಾ ಕರಿಮನೆ ಮೇಲೇ ಬೀಳುತ್ತೆ, ಏನ್ಮಾಡೋದು?

ಭದ್ರಾವತಿ ಬೇಸ್:
ಅರ್ಧ ಬೇಡ, ‘ಡಿ’ ಇದ್ದದ್ದನ್ನು ಒಂದು ಸ್ವರ ಇಳಿಸಿ ‘ಸಿ’ಗೆ ತನ್ನಿ. ಬಿಳಿಮನೆ ಮೇಲೇ ಕೈ ಆಡುತ್ತೆ. ಬೇಸಿನವರ ಕೆಳಗಿನ ಸ್ವರ ಮಾತ್ರ ಮೊದಲು ಹಾಡಿಸಿ ನೋಡಿ.