ತೈಲ ಬಾವಿಯಲ್ಲಿ ಪಾಲು ಕೊಳ್ಳೋದು: ವಕೀಲರನ್ನ ಕೇಳಿ

ದಾವಣಗೆರೆ ಸದಸ್ಯ: ಸರ್, ಐದು ಜನ ಸೇರಿ ಗುಜರಾತಿನ ಸಣ್ಣ ತೈಲ ಕ್ಷೇತ್ರವೊಂದರಲ್ಲಿ ಶೇ. 20 ಪಾಲು ಕೊಳ್ಳೋಣ ಅಂತಿದೀವಿ. ಮಾರುವವರು ‘ಫೈಲು ಪೆಟ್ರೋಲಿಯಂ ಸಚಿವಾಲಯದಲ್ಲಿದೆ, ಅಡ್ವಾನ್ಸ್ ಕೊಡಿ’ ಅಂತಾರೆ. ಕೊಡಬಹುದಾ?

ವಕೀಲರು: ಕೊಡಬೇಡಿ. ಕೇಂದ್ರದ ಲಿಖಿತ ಪೂರ್ವಾನುಮತಿ ಇಲ್ಲದೆ ಸರ್ಕಾರದ ಜೊತೆಗಿನ ತೈಲ ಒಪ್ಪಂದದ ಪಾಲು ಕೈ ಬದಲಾಗಲ್ಲ. ಅರ್ಜಿ ಮೊದಲು ನೋಯ್ಡಾದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯಕ್ಕೆ (ತೈಲ ಕ್ಷೇತ್ರಗಳ ಮೇಲ್ವಿಚಾರಣೆ ಮಾಡೋ ಸಚಿವಾಲಯದ ಅಂಗ) ಹೋಗುತ್ತೆ. ಕೊಳ್ಳುವವರ ಹಣಬಲ, ಬಾಕಿ ಉಳಿದ ಕೆಲಸ, ಬ್ಯಾಂಕ್ ಗ್ಯಾರಂಟಿ ಎಲ್ಲಾ ನೋಡ್ತಾರೆ. ಆಮೇಲೆ ಸಚಿವಾಲಯ. ನೆಲದ ಮೇಲಿನ ಬಾವಿಗೆ ಲೀಸ್ ಕೊಡೋದು ರಾಜ್ಯ ಸರ್ಕಾರ, ಅಲ್ಲೂ ಕಾಯಬೇಕು.

ನಡುವೆ ಸಚಿವರು ಬದಲಾದರೆ? ರಾಜಸ್ಥಾನದಲ್ಲಿ ತೈಲ ತೆಗೆಯುತ್ತಿದ್ದ ಕೇರ್ನ್ ಇಂಡಿಯಾ ಕೊಳ್ತೀವಿ ಅಂತ ಗಣಿ ಕಂಪನಿ ವೇದಾಂತ ಹೇಳಿದ್ದು 2010ರ ಆಗಸ್ಟ್‌ನಲ್ಲಿ. 2011ರ ಜನವರಿಯಲ್ಲಿ ಪೆಟ್ರೋಲಿಯಂ ಸಚಿವ ಮುರಳಿ ದೇವ್ರಾ ಹೋಗಿ ಜೈಪಾಲ್ ರೆಡ್ಡಿ ಬಂದರು. ಜೂನ್‌ನಲ್ಲಿ ಸಂಪುಟ ಒಪ್ಪಿದ್ದೂ ಷರತ್ತು ಹಾಕಿಯೇ: ರಾಜಸ್ಥಾನದ ತೈಲಕ್ಕೆ ಕೇರ್ನ್‌ನ ಪಾಲುದಾರ, ಸರ್ಕಾರಿ ಕಂಪನಿ ಒಎನ್‌ಜಿಸಿ ಒಂದೇ ಕಟ್ಟುತ್ತಿದ್ದ ರಾಯಧನವನ್ನು (ತೆಗೆದ ತೈಲಕ್ಕೆ ಸರ್ಕಾರಕ್ಕೆ ಕೊಡೋ ರಾಯಲ್ಟಿ) ಖರ್ಚಿಗೆ ಸೇರಿಸಿ ಆದಾಯದಲ್ಲಿ ಮೊದಲೇ ಕಳೆಯಬೇಕು. ಕೇರ್ನ್ ಲಾಭಕ್ಕೇ ಕತ್ತರಿ. ವ್ಯವಹಾರ ಮುಗಿದದ್ದು ಡಿಸೆಂಬರ್‌ನಲ್ಲಿ. ಅವರು ತಡೆದುಕೊಂಡರು. ಸಣ್ಣ ಕಂಪನಿ ಅಷ್ಟು ದಿನ ಗ್ಯಾರಂಟಿ ಕಮಿಷನ್, ಸಿಬ್ಬಂದಿ ಸಂಬಳ ಕಟ್ಟುತ್ತಾ ಕೂತರೆ ಬಾವಿ ಕೊರೆಯೋಕೆ ದುಡ್ಡೇ ಉಳಿಯಲ್ಲ.

ಹಣ ಎಸ್ಕ್ರೋ ಖಾತೆಯಲ್ಲಿರಲಿ, ಅಂದ್ರೆ ಷರತ್ತು ಪೂರೈಸುವವರೆಗೆ ಮೂರನೆಯವರ ಬಳಿ. ಅನುಮತಿಗೆ ಕಡೇ ದಿನಾಂಕ, ಸರ್ಕಾರ ಹೊಸ ಷರತ್ತು ಹಾಕಿದರೆ ಬೆಲೆ ಮರುನಿಗದಿ, ಗ್ಯಾರಂಟಿ ಯಾರ ತಲೆಗೆ, ಇಷ್ಟೂ ಬರೆಸಿ. ಉಳಿದ ಪಾಲುದಾರರಿಗೆ ಮೊದಲು ಕೊಳ್ಳುವ ಹಕ್ಕಿದೆಯಾ, ಅದನ್ನೂ ನೋಡಿ.

ಹಿರಿಯೂರು: ಪೆಟ್ರೋಲ್ ಬಂಕ್‌ಗೂ ಇದೇನಾ ಸರ್?

ವಕೀಲರು: ಅಲ್ಲ.

ಚಳ್ಳಕೆರೆ: ನಮ್ಮ ಶೇಂಗಾ ಎಣ್ಣೆ ಮಿಲ್ ಲೈಸೆನ್ಸ್…

ವಕೀಲರು: ಅದು ಆಹಾರ ಸುರಕ್ಷತೆ ಇಲಾಖೆ. ಇಲ್ಲಿ ಬೇಡ.

ಹರಿಹರ: ಫಾರ್ವರ್ಡ್ ಬಂದಿದೆ: ‘ಹೊಸ ಸಚಿವರ ಕಡೆಯವರಿಗೆ ಶೇ. 2 ಕೊಟ್ಟರೆ ವಾರದಲ್ಲಿ ಸಹಿ.’

ವಕೀಲರು: ದಯವಿಟ್ಟು ಇಂಥವನ್ನ ಇಲ್ಲಿ ಹಾಕಬೇಡಿ. 2018ರ ತಿದ್ದುಪಡಿ ಆದ್ಮೇಲೆ ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಜೈಲು.

ಹರಿಹರ: ನಮ್ಮ ವೀರಪ್ಪ ಮೊಯ್ಲಿಯವರು ಪೆಟ್ರೋಲಿಯಂ ಸಚಿವರಾಗಿದ್ದಾಗ ಕಂಪನಿಗಳಿಗೆ ಗ್ಯಾಸ್ ರೇಟು ಡಬಲ್ ಮಾಡಿದ್ರು, ಅದೂ ತಪ್ಪಾ?

ಜಗಳೂರು: ಎಲ್ಲಿ ಮಾಡಿದ್ರು ಅಣ್ಣ? ಯೂನಿಟ್‌ಗೆ 4.2 ಡಾಲರ್ ಇದ್ದದ್ದು 8.4ರ ಹತ್ರ ಹೋಗುತ್ತೆ ಅಂತ ಹೇಳಿದ್ದಷ್ಟೇ.

ಹರಿಹರ: ನಿಮ್ಮ ಪಕ್ಷ ಬಂದು ತಡೀತು.

ಜಗಳೂರು: ತಡೆದಿದ್ದು ಚುನಾವಣಾ ಆಯೋಗ ರೀ! ಓದ್ಕೊಂಡು ಬರ್ರಿ.

ವಕೀಲರು: ಜಗಳೂರಿನವರು ಸರಿ. ಆ ಹೊಸ ದರ 2014ರ ಏಪ್ರಿಲ್ 1ಕ್ಕೆ ಬರಬೇಕಿತ್ತು, ಮಾರ್ಚ್‌ನಲ್ಲಿ ನಿಂತಿತು, ನವೆಂಬರ್‌ನಿಂದ ಬೇರೆ ಸೂತ್ರ. ಘೋಷಿಸಿದ ದರ ನಂಬಿ ಪಾಲಿಗೆ ಬೆಲೆ ಕಟ್ಟಬೇಡಿ. ಪಕ್ಷದ ಮಾತು ಸಾಕು.

ಹೊಸದುರ್ಗ: ದಿಢೀರ್ ತೆರಿಗೆ ಬಿದ್ದರೆ?

ವಕೀಲರು: ಅದು ಹಣಕಾಸು ಸಚಿವಾಲಯದಿಂದ ಬರುತ್ತೆ, ಪೆಟ್ರೋಲಿಯಂನವರ ಕೈಲಿಲ್ಲ. 2022ರ ಜುಲೈ 1ಕ್ಕೆ ಕಚ್ಚಾ ತೈಲದ ಮೇಲೆ ಟನ್‌ಗೆ 23,250 ರೂ. ಹಾಕಿದರು. ಹಿಂದಿನ ವರ್ಷ 20 ಲಕ್ಷ ಬ್ಯಾರೆಲ್‌ಗಿಂತ ಕಡಿಮೆ ತೆಗೆದವರಿಗೆ ವಿನಾಯಿತಿ ಇತ್ತು. 2024ರ ಡಿಸೆಂಬರ್‌ನಲ್ಲಿ ರದ್ದು.

ಮೊಳಕಾಲ್ಮೂರು: ನಮ್ಮ ಬೋರ್‌ವೆಲ್ ನೀರಲ್ಲಿ ಸೀಮೆಎಣ್ಣೆ ವಾಸನೆ ಬರ್ತಿದೆ, ಯಾರಿಗೆ ಹೇಳಬೇಕು?

ಹಿರಿಯೂರು: ಬಂಕ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಿ ಸರ್.

ಹರಿಹರ: ವಕೀಲರೂ ಒಂದು ಕಡೆಯವರೇ ಬಿಡಿ.

ದಾವಣಗೆರೆ ಸದಸ್ಯ: ಸರ್, ಮಹಾನಿರ್ದೇಶನಾಲಯಕ್ಕೆ ಹಾಕಿದ ಅರ್ಜಿಯ ಪ್ರತಿ ಕೇಳಿದೆ. ಗೌಪ್ಯ, ಕೊಡಲ್ಲ ಅಂದ್ರು ಮಾರುವವರು.

ವಕೀಲರು: ಕೊಳ್ಳುವವರು ನೀವು. ನಿಮ್ಮ ಲೆಕ್ಕಪತ್ರ ಸೇರಿಸದೆ ಆ ಅರ್ಜಿ ಪೂರ್ತಿ ಆಗೋದೇ ಇಲ್ಲ. ನಿಮ್ಮಿಂದ ಕೇಳಿದ್ದಾರಾ?

ದಾವಣಗೆರೆ ಸದಸ್ಯ: ಇಲ್ಲ.

ವಕೀಲರು: ಹಾಗಾದರೆ ಫೈಲೇ ಇಲ್ಲ.