ಬೇಕಲ ಕೋಟೆ: ಕಟ್ಟಿಸಿದವರು ಇಕ್ಕೇರಿ ನಾಯಕರೋ, ಕೋಲತ್ತಿರಿಗಳೋ?

ಪ್ರಶ್ನೆ (ಹೊಸದುರ್ಗದ ಓದುಗ):
ಮಾನ್ಯರೆ, ಕೇರಳದ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯನ್ನು 1650ರ ಸುಮಾರಿಗೆ ಕೆಳದಿಯ (ಇಕ್ಕೇರಿ ಮನೆತನದ) ಶಿವಪ್ಪ ನಾಯಕನು ಕಟ್ಟಿಸಿದನೆಂದು ನಾವು ಮೊದಲಿನಿಂದಲೂ ಓದಿಕೊಂಡು ಬಂದಿದ್ದೇವೆ. ಆದರೆ ಅದಕ್ಕೂ ಮೊದಲೇ ಕಣ್ಣೂರಿನ ಬಳಿಯ ಚಿರಕ್ಕಲ್ಲಿನ ಕೋಲತ್ತಿರಿ ಅರಸರ ಕೋಟೆ ಅಲ್ಲಿತ್ತು, ನಾಯಕರು ಅದನ್ನು ಗೆದ್ದು ಭದ್ರಪಡಿಸಿದರಷ್ಟೇ ಎಂದು ವಾದಿಸುವವರೂ ಇದ್ದಾರೆ. ಕರ್ನಾಟಕ–ಕೇರಳ ಗಡಿ ವಿವಾದದ ಕಾವನ್ನು ಬದಿಗಿಟ್ಟು, ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಕೊತ್ತಳ):
ತಾವು ಕೋಟೆಯ ಗೋಡೆಗಳನ್ನೇ ಗಮನಿಸಿ. ಸುಮಾರು 40 ಎಕರೆಯ ಈ ಮುರಕಲ್ಲಿನ ಕೋಟೆಯಲ್ಲಿ, ಸಮುದ್ರದ ಕಡೆಗಿರುವ ಕೊತ್ತಳಗಳ ಬಂದೂಕಿನ ಕಿಂಡಿಗಳನ್ನು ಒಂದೇ ಓರೆಯಲ್ಲಿ ಕೊರೆದಿಲ್ಲ. ಮೇಲಿನ ಕಿಂಡಿಯಲ್ಲಿ ಕಣ್ಣಿಟ್ಟರೆ ದೂರದ ನೀರು ಕಾಣುತ್ತದೆ, ಅದರ ಕೆಳಗಿನದರಲ್ಲಿ ದಡಕ್ಕೆ ಹತ್ತಿರದ ಅಲೆ, ಇನ್ನೂ ಕೆಳಗಿನದರಲ್ಲಿ ಗೋಡೆಯ ಬುಡ. ಶತ್ರು ಸಮೀಪಿಸಿದ ಹಾಗೆಲ್ಲ ಕಿಂಡಿ ಬದಲಿಸಿ ಗುಂಡು ಹಾರಿಸುವ ಈ ಏರ್ಪಾಡು ಬಂದೂಕು ಚೆನ್ನಾಗಿ ಬಳಕೆಗೆ ಬಂದ ಮೇಲಿನದೇ ಹೊರತು, ಹಳೆಯ ಕಾಲದ ಕೋಟೆಯದಲ್ಲ. ಸಿಡಿಮದ್ದಿನ ಮನೆಯೂ, ಫಿರಂಗಿಯನ್ನು ಎಳೆದೊಯ್ಯುವಷ್ಟು ಅಗಲವಾಗಿ ವೀಕ್ಷಣಾ ಗೋಪುರಕ್ಕೆ ಏರುವ ಇಳಿಜಾರು ದಾರಿಯೂ ಇದೇ ಮಾತನ್ನು ಹೇಳುತ್ತವೆ. ಈ ಜಾಗದಲ್ಲಿ ಅದಕ್ಕೆ ಹಿಂದೆ ಚಿಕ್ಕದೊಂದು ಕಾವಲು ನೆಲೆ ಇದ್ದಿರಬಹುದು, ಆದರೆ ನಾವು ಇಂದು ನೋಡುವ ಗೋಡೆ ಅದರದಲ್ಲ.

ಉತ್ತರ 2 (ಪಯಸ್ವಿನಿ ತೀರ):
ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಕಿಂಡಿಗಳಿಂದ ಕಾಲ ತಿಳಿಯುತ್ತದೆ, ಒಡೆಯ ಯಾರೆಂಬುದು ತಿಳಿಯುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಕೋಲತ್ತಿರಿಗಳ ಬಳಿಯೂ ಬಂದೂಕುಗಳಿದ್ದವು. ನನಗೆ ಹೆಚ್ಚು ಬಲವಾಗಿ ಕಾಣುವ ಆಧಾರ ಕೋಟೆಗಳ ಸಾಲು. ತುಳುನಾಡಿಗೂ ಕೋಲತ್ತಿರಿಗಳ ನಾಡಾದ ಕೋಲತ್ತುನಾಡಿಗೂ ಬಹುಕಾಲದಿಂದ ಎಲ್ಲೆಯೆನಿಸಿದ್ದ ಚಂದ್ರಗಿರಿ ಹೊಳೆಯ ತೆಂಕಣ ದಡದಲ್ಲಿ ಚಂದ್ರಗಿರಿ ಕೋಟೆ, ಅದರಿಂದ ತೆಂಕಕ್ಕೆ ಬೇಕಲ, ಮತ್ತೂ ತೆಂಕಕ್ಕೆ ಕಾಞಂಗಾಡಿನ ಹೊಸದುರ್ಗ. ಹೊಳೆ ದಾಟಿ ಗೆದ್ದ ನೆಲವನ್ನು ಕೈಬಿಡದಂತೆ ಹಿಡಿದಿಡಬೇಕಾದವನು ಮಾತ್ರ ಹೀಗೆ ಒಂದರ ಮುಂದೆ ಒಂದು ಕೋಟೆಯನ್ನು ನಿಲ್ಲಿಸುತ್ತಾನೆ, ಆ ಅಗತ್ಯ ಇದ್ದದ್ದು ಇಕ್ಕೇರಿಯವರಿಗೆ. ಆದರೂ ಈ ನೆಲ ಅವರಿಗೆ ನೆಮ್ಮದಿಯಾಗಿ ದಕ್ಕಲಿಲ್ಲ. 1732ರಲ್ಲಿ ಎರಡನೆಯ ಸೋಮಶೇಖರ ನಾಯಕನ ಸೇನೆ ನೀಲೇಶ್ವರದಾಚೆ ನುಗ್ಗಿತು, ಮುಂದೆ ತಲಶ್ಶೇರಿಯ ಇಂಗ್ಲಿಷರು ಕೋಲತ್ತುನಾಡಿನ ಪಕ್ಷ ವಹಿಸಿ ಯುದ್ಧಕ್ಕಿಳಿದರು. 1763ರಲ್ಲಿ ನಾಯಕರ ರಾಜಧಾನಿ ಬಿದನೂರು ಹೈದರಾಲಿಯ ವಶವಾದ ಮೇಲೆ ಬೇಕಲವೂ ಮೈಸೂರಿಗೆ ಸೇರಿತು, 1799ರಲ್ಲಿ ಟಿಪ್ಪು ಮಡಿದ ನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದು ತಾಲೂಕು ಕೇಂದ್ರವಾಯಿತು. ಆದ್ದರಿಂದ ಕೋಟೆಯನ್ನು ಒಂದೇ ಮನೆತನದ ಸೊತ್ತೆಂದು ಹೇಳುವವರು, ಅವರು ಯಾವ ಭಾಷೆಯವರಾದರೂ ಸರಿ, ಇದರ ಅರ್ಧ ಚರಿತ್ರೆಯನ್ನು ಬಿಟ್ಟುಬಿಡುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 3 (ಕಾಸರಗೋಡಿನವಳು):
ಜನರ ಸಾಕ್ಷ್ಯವನ್ನೂ ಪರಿಗಣಿಸಬೇಕು. ನಮ್ಮ ಕಡೆಯ ರಾಮಕ್ಷತ್ರಿಯರನ್ನು ಇಂದಿಗೂ ಕೋಟೆಯವರು ಎಂದು ಕರೆಯುವುದುಂಟು. ಕೋಟೆಗಳ ಕಾವಲಿಗೆಂದು ನಾಯಕರು ತಮ್ಮ ಹಿರಿಯರನ್ನು ಇಲ್ಲಿಗೆ ಕರೆತಂದು ನೆಲೆಗೊಳಿಸಿದರೆಂದು ಅವರು ಹೇಳುತ್ತಾರೆ. ಬೇಕಲದ ಹೆಬ್ಬಾಗಿಲಲ್ಲಿ ಆಂಜನೇಯನ ಗುಡಿ, ಅಲ್ಲಿಂದ ತುಸು ದೂರದಲ್ಲಿ ಟಿಪ್ಪುವಿನ ಹೆಸರಿನೊಂದಿಗೆ ಸೇರಿಬಂದ ಮಸೀದಿ ಇವೆ. ಪ್ರಶ್ನೆ ಕೇಳಿದವರು ಗಡಿಯ ಮಾತೆತ್ತಿದ್ದರಿಂದ ಇದನ್ನೂ ಹೇಳುತ್ತೇನೆ: 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, 1967ರ ಮಹಾಜನ ಗಡಿ ಆಯೋಗದ ವರದಿ ಕರ್ನಾಟಕಕ್ಕೆ ಸೇರಬೇಕೆಂದದ್ದು ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮಾತ್ರ. ಬೇಕಲ ಇರುವುದು ತೆಂಕಣ ಭಾಗದಲ್ಲಿ.