ಹರತಾಳ, ನಿಷೇಧಾಜ್ಞೆಯ ದಿನಗಳಲ್ಲಿ ಮಂಡೆಬೆಚ್ಚ: ಮನೆಯಲ್ಲಿ ಎಂತ ಮಾಡಬಹುದು?

ಗಡಿಬೇಲಿ:
ಊರಲ್ಲಿ ಗಲಾಟೆ ಆದರೆ ಬಸ್ಸು ಉಂಟಾ, ಅಂಗಡಿ ತೆರೆದಿದೆಯಾ ಅಂತ ಎಲ್ಲರೂ ಹೇಳ್ತಾರೆ, ಮನಸ್ಸಿನ ವಿಷಯ ಯಾರೂ ಎತ್ತುವುದಿಲ್ಲ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಮನೆಗಳಿಗೆ ಉಪಯೋಗ ಆಗುವ ಹಾಗೆ ಮೂರು ಸಂಗತಿ ಬೇಕಿತ್ತು. ರಾತ್ರಿ ಎದೆ ಢವಢವ ಅಂತ ನಿದ್ದೆ ಬಾರದಿದ್ದರೆ ಕೂಡಲೇ ಎಂತ ಮಾಡುವುದು? ಮಂಗಳೂರಿನ ಡಾಕ್ಟರ ಮಾತ್ರೆ ನಡೆಯುತ್ತಿದ್ದು ತಲಪಾಡಿಯ ಕೇರಳ-ಕರ್ನಾಟಕ ಗಡಿ ದಾಟಲು ಆಗದಿದ್ದರೆ? ವಾಟ್ಸಾಪ್ ಗುಂಪು ಬಿಡಬೇಕಾ? 'ಪಾಸಿಟಿವ್ ಆಗಿರಿ' ಅಂತ ಮಾತ್ರ ಬರೆಯಬೇಡಿ.

ಮದ್ದಿನಚೀಟಿ:
ಮಾತ್ರೆಯಿಂದಲೇ ಶುರು ಮಾಡ್ತೇನೆ, ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ. ಹರತಾಳದಲ್ಲಿ ಮೆಡಿಕಲ್ ಶಾಪಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ, ಆದರೆ ಸ್ಟಾಕ್ ತರುವ ಗಾಡಿಗೆ ರಸ್ತೆ ಬೇಕಲ್ಲ! 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳಿಗೇ ದಾರಿ ಇರಲಿಲ್ಲ. ಹಾಗಾಗಿ 14 ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನದ್ದು ತಂದಿಡಿ. ಚೀಟಿಯ ಫೋಟೋ, ಸ್ಟ್ರಿಪ್ಪಿನ ಹಿಂಬದಿಯ ಫೋಟೋ ಎರಡೂ ಫೋನಿನಲ್ಲಿರಲಿ. ಮಂಗಳೂರಿನ ಬ್ರಾಂಡ್ ಕಾಸರಗೋಡಿನಲ್ಲಿ ಸಿಗದೆ ಹೋಗಬಹುದು, ಒಳಗಿನ ಔಷಧದ ಹೆಸರು ಗೊತ್ತಿದ್ದರೆ ಬೇರೆ ಕಂಪೆನಿಯದ್ದು ಸಿಗುತ್ತದೆ.

ಮುಗಿಯಿತೆಂದು ಥಟ್ಟನೆ ನಿಲ್ಲಿಸುವುದು ಅಪಾಯ. ಆತಂಕ, ನಿದ್ದೆಗೆಂದು ತಿಂಗಳುಗಟ್ಟಲೆ ತೆಗೆದುಕೊಂಡ ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್ ತಟ್ಟನೆ ನಿಂತರೆ ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಖಿನ್ನತೆಯ ಮಾತ್ರೆಗಳಾದ ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ತಪ್ಪಿದರೆ ಕೆಲವೇ ದಿನದಲ್ಲಿ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟು ಹೊಡೆದ ಹಾಗೆ. ಇದನ್ನು 'ಕಾಯಿಲೆ ಮರುಕಳಿಸಿತು' ಅಂತ ಜನ ತಪ್ಪು ತಿಳಿಯುತ್ತಾರೆ. ತಪ್ಪಿದ ಡೋಸಿಗೆ ಮರುದಿನ ಎರಡು ನುಂಗುವುದು ಬೇಡ.

ಮನಸ್ಸಿನ ಏರಿಳಿತದ ಕಾಯಿಲೆಗೆ (ಬೈಪೋಲಾರ್) ಲಿಥಿಯಂ ತೆಗೆದುಕೊಳ್ಳುವವರು ನೀರು, ಉಪ್ಪು ಕಡಿಮೆ ಮಾಡಬಾರದು, ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಬಾರದು. ಮಾತು ತೊದಲಿ, ನಡಿಗೆ ತೂರಾಡಿದರೆ ಮುಂದಿನ ಡೋಸು ತೆಗೆದುಕೊಳ್ಳದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದನ್ನು ಯಾರೂ ಕೇಳುವುದಿಲ್ಲ: ದಿನಾ ಕುಡಿಯುವವರು. ಅಂಗಡಿ ಮುಚ್ಚಿದರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು ಶುರು. ಎರಡು ಮೂರು ದಿನದಲ್ಲಿ ಇಲ್ಲದ್ದು ಕಂಡು ಬಡಬಡಿಸಿದರೆ, ಅಥವಾ ಫಿಟ್ಸ್ ಬಂದರೆ, ಪ್ರಾಣಕ್ಕೇ ಕುತ್ತು. ನಿಂಬೆ ಶರಬತ್ತಿನಲ್ಲಿ ಇಳಿಯುವಂಥದ್ದಲ್ಲ, 108ಕ್ಕೆ ಕರೆ ಮಾಡಿ.

ಇರುಳುಗಣ್ಣು:
ಎದೆ ಢವಢವಕ್ಕೆ: ಹೆದರಿಕೆಯಲ್ಲಿ ಉಸಿರು ಬಿರುಸಾಗಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದ. 'ದೊಡ್ಡದಾಗಿ ಉಸಿರೆಳೆದುಕೊ' ಅಂತ ಹೇಳುವುದೇ ಇಲ್ಲಿ ಆಗುವ ತಪ್ಪು, ಅದು ಇನ್ನೂ ಹೆಚ್ಚಿಸುತ್ತದೆ. ಮೂಗಿನಲ್ಲಿ 4 ಎಣಿಸುವಷ್ಟು ಮೆಲ್ಲ ಒಳಗೆ, 6 ಎಣಿಸುವಷ್ಟು ಹೊರಗೆ, 5 ನಿಮಿಷ. ಹೊರಗೆ ಬಿಡುವುದು ಉದ್ದ ಇರಬೇಕು, ಗುಟ್ಟು ಅದರಲ್ಲೇ. ಎಣಿಕೆ ತಪ್ಪಿದರೆ ತಲೆಕೆಡಿಸಿಕೊಳ್ಳಬೇಡಿ. ಆದರೆ ಎದೆನೋವು ಎಡಗೈಗೋ ದವಡೆಗೋ ಹರಡಿ ತಣ್ಣನೆ ಬೆವರಿದರೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಉಸಿರಾಟದ ಅಭ್ಯಾಸ ಮಾಡುತ್ತಾ ಕೂರಬಾರದು.

ನಿದ್ದೆಗೆ ಶತ್ರು ಹರತಾಳದ ಮಧ್ಯಾಹ್ನ. ಮಾಡಲು ಕೆಲಸವಿಲ್ಲ, ಗಂಜಿ ಉಂಡು ಎರಡು ಗಂಟೆ ಮಲಗಿದರೆ ರಾತ್ರಿಯ ನಿದ್ದೆ ಹಗಲೇ ಖರ್ಚಾಯಿತು. ಮಲಗಲೇಬೇಕಾದರೆ ಅರ್ಧ ಗಂಟೆ. ಮಧ್ಯಾಹ್ನ 2 ಗಂಟೆ ನಂತರ ಕಾಪಿ, ಚಾ ಬೇಡ. ಹಾಸಿಗೆಯಲ್ಲಿ 20 ನಿಮಿಷ ಹೊರಳಾಡಿದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂತು, ತೂಕಡಿಕೆ ಬಂದ ಮೇಲೆ ವಾಪಸ್.

ಸೀದಾಮಾತು:
ಎಲ್ಲಾ ಗುಂಪಿನಿಂದ ಹೊರಗೆ ಬನ್ನಿ, ಟಿವಿ ಆಫ್ ಮಾಡಿ. ಅಷ್ಟೇ ಮಾರಾಯ್ರೆ.

ಮೂರುಭಾಷೆ:
ಸೀದಾಮಾತು, ಅಷ್ಟು ಸುಲಭ ಇಲ್ಲ. ವಾರ್ಡಿನ ಗುಂಪು ಬಿಟ್ಟರೆ ನೀರು ಯಾವಾಗ, ಯಾವ ದಾರಿ ಬಂದ್ ಅಂತಲೂ ತಿಳಿಯದು, ಆಗ ಭಯ ಹೆಚ್ಚುತ್ತದೆ. ಮ್ಯೂಟ್ ಮಾಡಿ, ಸೆಟ್ಟಿಂಗ್ಸಿನಲ್ಲಿ 'ಸ್ಟೋರೇಜ್ ಆಂಡ್ ಡೇಟಾ'ಕ್ಕೆ ಹೋಗಿ ಫೋಟೋ, ವೀಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ 15 ನಿಮಿಷ ನೋಡಿದರೆ ಧಾರಾಳ, ಮಲಗುವ ಮುಂಚಿನ ಒಂದು ಗಂಟೆ ಬೇಡ. ಜೋಡಿ ಬಾಣದ ಗುರುತಿದ್ದ ಸಂದೇಶ ತುಂಬಾ ಕೈ ದಾಟಿ ಬಂದದ್ದು, ಅದರ ಮೂಲ ಕಳುಹಿಸಿದವರಿಗೂ ಗೊತ್ತಿರುವುದಿಲ್ಲ.

ನಮ್ಮ ಕಡೆ ಇನ್ನೊಂದು ಪೇಚು ಉಂಟು. ಒಂದೇ ವೀಡಿಯೊ ಮಲಯಾಳದಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ತುಳು ವಾಯ್ಸ್ ಮೆಸೇಜಿನಲ್ಲಿ ಮತ್ತೊಮ್ಮೆ ಬರುತ್ತದೆ, ಮನಸ್ಸು ಮೂರು ಘಟನೆ ಅಂತ ಲೆಕ್ಕ ಹಾಕುತ್ತದೆ. ಜಾಗ ಯಾವುದು, ದಿನ ಯಾವುದು ಅಂತ ಮೊದಲು ನೋಡಿ.

ಮಕ್ಕಳ ಎದುರು ಇದೆಲ್ಲ ಓಡಿಸಬೇಡಿ. ಕೇಳಿದ್ದಕ್ಕೆ ಎರಡು ವಾಕ್ಯದ ನಿಜ ಉತ್ತರ ಕೊಡಿ. ಮತ್ತೆ ಹಾಸಿಗೆ ಒದ್ದೆ ಮಾಡಿದರೆ ಬಯ್ಯಬಾರದು, ಊಟ-ಸ್ನಾನದ ಹೊತ್ತು ಬದಲಾಗದಿದ್ದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಗಡಿಬೇಲಿ:
ಉಪಕಾರ. ಕಣ್ಣಾರೆ ಗಲಾಟೆ ಕಂಡವರು ಮಾತೇ ಆಡದಿದ್ದರೆ? ಮಲಯಾಳ ಬಾರದ ಅಜ್ಜಿಯಂದಿರಾದರೆ ಯಾರ ಹತ್ತಿರ ಹೇಳುವುದು?

ಮದ್ದಿನಚೀಟಿ:
ಒತ್ತಾಯಿಸಿ ಬಾಯಿ ಬಿಡಿಸಬೇಡಿ. 'ಎಂತ ಆಯ್ತು ಹೇಳು' ಅಂತ ಪದೇ ಪದೇ ಕೇಳಿಸುವುದರಿಂದ ಒಳ್ಳೆಯದಾಗುವುದಿಲ್ಲ, ಕೆಡುಕಾಗಬಹುದು. ನೀರು, ಊಟ, ಪಕ್ಕದಲ್ಲಿ ಒಬ್ಬರು, ಮನೆಯವರಿಗೆ ಫೋನು: ಮೊದಲ ದಿನಕ್ಕೆ ಇಷ್ಟು ಸಾಕು. ಬೆಚ್ಚಿ ಬೀಳುವುದು, ಕೆಟ್ಟ ಕನಸು ತಿಂಗಳು ದಾಟಿದರೆ ಡಾಕ್ಟರಿಗೆ ತೋರಿಸಿ. ಸಾಯುವ ಮಾತು ಬಂದರೆ, ಎರಡು ಮೂರು ರಾತ್ರಿ ಕಣ್ಣೇ ಮುಚ್ಚದಿದ್ದರೆ ಅವತ್ತೇ.

ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡ ಆಯ್ಕೆಯೂ ಉಂಟು. ಇಂಟರ್ನೆಟ್ ಕಡಿತವಾದರೂ ಮಾಮೂಲಿ ಕರೆ ಹೋಗುತ್ತದೆ, ಹಾಗಾಗಿ ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಅಜ್ಜಿ 'ಖಿನ್ನತೆ' ಅನ್ನಲಿಕ್ಕಿಲ್ಲ, 'ಎದೆ ಉರಿ, ಮೈ ಭಾರ, ಊಟ ಸೇರುವುದಿಲ್ಲ' ಅನ್ನಬಹುದು. ಎಷ್ಟು ದಿನದಿಂದ, ಎಷ್ಟು ಗಂಟೆ ನಿದ್ದೆ, ಯಾವ ಮಾತ್ರೆ ಅಂತ ಒಂದು ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಇಟ್ಟುಕೊಂಡೇ ಕರೆ ಮಾಡಿ.